ಮಾಲು ನೋಡುವ ಮುಖ

ಕಳೆದ ವರ್ಷ ಚಿಕ್ಕಮಗಳೂರಿನಲ್ಲಿ ನಮಗೆ, ಅಂದರೆ ಹೈಸ್ಕೂಲು ಟೀಚರುಗಳಿಗೆ, ಒಂದು ತರಬೇತಿ ಇತ್ತು. ಹದಿಹರೆಯದ ಮಕ್ಕಳು ಯಾಕೆ ಹೊಡೆದಾಡುತ್ತಾರೆ ಎಂಬುದು ವಿಷಯ. ತರಬೇತಿ ಕೊಡಲು ಬಂದಿದ್ದ ಹೆಂಗಸು ಒಳ್ಳೆಯವರೇ, ಮೆಲ್ಲಗೆ ಮಾತಾಡುತ್ತಿದ್ದರು. ಶಾಲೆಯಲ್ಲಿ ಕೈ ಎತ್ತುವ ಮಕ್ಕಳು ಸಾಮಾನ್ಯವಾಗಿ ಮನೆಯಲ್ಲಿ ಏಟು ತಿಂದಿರುತ್ತಾರೆ ಅಂದರು. ನಾವೆಲ್ಲ ತಲೆಯಾಡಿಸಿದೆವು. ಹಾಗಾದರೆ ಮನೆಯಲ್ಲಿ ಹೊಡೆಯದಿದ್ದರೆ ಮುಗಿಯಿತಲ್ಲ ಎಂದು ನನ್ನ ಪಕ್ಕದ ಮೇಷ್ಟ್ರು ಕಾಲು ಚಾಚಿ ಕೂತರು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಎದ್ದು ನಿಂತು, ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಒಂದು ಏಟು ಹಾಕಿದವರಲ್ಲ, ಆದರೂ ನನ್ನ ತಮ್ಮ ಹದಿನೈದು ತುಂಬುವ ಹೊತ್ತಿಗೆ ಇಡೀ ಶಾಲೆ ಹೆದರುವಂಥ ಹುಡುಗ ಆಗಿದ್ದ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದೆ. ಮಾತಿನಲ್ಲೂ ಹಿಂಸೆ ಇರುತ್ತದೆ ಮೇಡಂ, ಮಧ್ಯಾಹ್ನ ಅದನ್ನೇ ಮಾತಾಡೋಣ ಅಂದರು. ಮಧ್ಯಾಹ್ನ ಕರೆಂಟು ಹೋಯಿತು, ಪರದೆಯ ಮೇಲೆ ಚಿತ್ರ ಬರಲಿಲ್ಲ, ಎಲ್ಲರೂ ಬೇಗ ಬಸ್ಸು ಹಿಡಿದರು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಕಳಸದಲ್ಲಿ ಕಾಫಿ, ಮೆಣಸು, ಅಡಿಕೆ ಖರೀದಿ ಮಾಡುವವರು. ಈಗಲೂ ಬೆಳಗಾದರೆ ಅಂಗಡಿ ಬಾಗಿಲು ತೆಗೆದು ಕೂರುತ್ತಾರೆ. ಸುತ್ತಮುತ್ತಲಿನ ಸಣ್ಣ ಬೆಳೆಗಾರರು ಜೀಪಿನಲ್ಲಿ ಮೂಟೆ ತಂದು ಇಳಿಸುತ್ತಾರೆ. ಅಪ್ಪ ಅದನ್ನು ಕೊಂಡು, ಕಾಫಿ ಲೋಡು ತುಂಬುವಷ್ಟು ಸೇರಿದ ಮೇಲೆ ಚಿಕ್ಕಮಗಳೂರಿನಲ್ಲಿ ಅದರ ಸಿಪ್ಪೆ ತೆಗೆದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಕಳಿಸುತ್ತಾರೆ. ತೂಕದಲ್ಲಿ ಮೋಸ ಮಾಡಿದವರಲ್ಲ. ಹೇಳಿದ ದಿನ ಹೇಳಿದಷ್ಟು ಕೊಡುವವರು. ಕುಡಿತವಿಲ್ಲ, ಇಸ್ಪೀಟಿಲ್ಲ. ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದವರಲ್ಲ ಎಂದು ಊರಿನ ಹೆಂಗಸರು ನಮ್ಮ ಅಮ್ಮನ ಅದೃಷ್ಟವನ್ನು ಹೊಗಳುತ್ತಿದ್ದರು. ಅಮ್ಮನೂ ಹೌದು ಹೌದು ಅನ್ನುತ್ತಿದ್ದಳು.

ಈ ವ್ಯಾಪಾರದಲ್ಲಿ ಒಂದು ಪದ್ಧತಿ ಇದೆ. ಎದುರಿಗಿರುವ ಮಾಲು ಎಷ್ಟೇ ಚೆನ್ನಾಗಿರಲಿ, ಕೊಳ್ಳುವವನು ಅದನ್ನು ಚೆನ್ನಾಗಿದೆ ಅನ್ನಬಾರದು. ಅಂದರೆ ದರ ಏರುತ್ತದೆ. ಅಪ್ಪ ಮೂಟೆಯ ಬಾಯಿ ಬಿಚ್ಚಿ, ಮೊಣಕೈವರೆಗೂ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆಯುತ್ತಿದ್ದರು. ಅಂಗೈಯಲ್ಲಿ ಹರಡಿ, ಊದಿ, ಒಂದು ಕಾಳು ಕಚ್ಚಿ, ಸುಮ್ಮನೆ ನೋಡುತ್ತಿದ್ದರು. ಆ ಸುಮ್ಮನೆ ನೋಡುವುದೇ ಮುಖ್ಯ. ಮುಖ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು, ಯಾರೋ ಸತ್ತ ಸುದ್ದಿ ಬಂದಂತೆ. ಆಮೇಲೆ ಒಮ್ಮೆ ಲೊಚಗುಟ್ಟಿ, ಹಿಡಿಯಲ್ಲಿದ್ದದ್ದನ್ನು ಮೂಟೆಗೆ ವಾಪಸು ಸುರಿದು, ಒಣಗೇ ಇಲ್ಲವಲ್ಲ ಗೌಡ್ರೇ ಅನ್ನುತ್ತಿದ್ದರು. ಚಟಚಟ ಒಣಗಿದ ಕಾಫಿಗೂ ಹಾಗೇ ಅನ್ನುತ್ತಿದ್ದರು.

ಬೆಳೆಗಾರರೇನು ಕಮ್ಮಿಯೇ? ಅವರಿಗೂ ಇದು ಗೊತ್ತು. ಹಂಗಾದ್ರೆ ಬೇಡ ಬಿಡಿ ಸಾವ್ಕಾರ್ರೇ ಎಂದು ಮೂಟೆಯ ಬಾಯಿ ಕಟ್ಟಿ, ಮುಂದಿನ ಅಂಗಡಿಯ ಕಡೆ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಅಪ್ಪ ವಾಪಸು ಕರೆಯುತ್ತಿದ್ದರು. ಕಾಫಿ ಕುಡಿದು, ನಗಾಡಿ, ಇಬ್ಬರಿಗೂ ಒಪ್ಪುವ ದರಕ್ಕೆ ಬಂದು ನಿಲ್ಲುತ್ತಿತ್ತು. ಅದರಲ್ಲಿ ಯಾರಿಗೂ ಬೇಜಾರಿಲ್ಲ. ಅಪ್ಪ ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೂ ಆ ಮುಖವನ್ನು ಕಳಚಿಡುತ್ತಿರಲಿಲ್ಲ, ತೊಂದರೆ ಆದದ್ದು ಅಲ್ಲಿ. ಬೆಳೆಗಾರನಿಗೆ ಪಕ್ಕದ ಅಂಗಡಿ ಇರುತ್ತದೆ. ಮನೆಯ ಮಗುವಿಗೆ ಎಲ್ಲಿರುತ್ತದೆ ಹೇಳಿ.

ತಮ್ಮ ನನಗಿಂತ ನಾಲ್ಕು ವರ್ಷ ಚಿಕ್ಕವನು. ಚಿಕ್ಕಂದಿನಲ್ಲಿ ಏನು ಮಾಡಿದರೂ ಅಪ್ಪನಿಗೆ ತೋರಿಸಬೇಕು ಅವನಿಗೆ. ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದ ಚಿತ್ರ, ತಾನೇ ನೆಟ್ಟು ಬೆಳೆಸಿದ ಸೌತೆಕಾಯಿ, ಒರೆಸಿ ಹೊಳೆಯುವಂತೆ ಮಾಡಿದ ಅಪ್ಪನ ಬೈಕು, ಎಲ್ಲ. ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಸುಮ್ಮನೆ ನೋಡುತ್ತಿದ್ದರು. ಅವನು ಉಸಿರು ಬಿಗಿ ಹಿಡಿದು ಅಪ್ಪನ ಮುಖವನ್ನೇ ನೋಡುತ್ತಿದ್ದ. ಮುಖ ಇಳಿಯುತ್ತಿತ್ತು, ನಾಲಿಗೆ ಲೊಚಗುಟ್ಟುತ್ತಿತ್ತು, ವಸ್ತು ಅವನ ಕೈಗೆ ವಾಪಸು ಬರುತ್ತಿತ್ತು. ಬೈಯುತ್ತಿದ್ದದ್ದು ಕಮ್ಮಿ. ಬೈದರೂ ಮೆಲ್ಲಗೆ, ನಗುತ್ತಲೇ. ಇವನ ಕೈಯಲ್ಲಿ ಆಗೋದು ಇಷ್ಟೇ ಮಾರಾಯ್ತಿ ಎಂದು ಅಮ್ಮನಿಗೆ ಹೇಳುತ್ತಿದ್ದರು, ಅವನ ಎದುರಿಗೇ.

ಅಂಗಡಿಗೆ ಹೋದರೆ ಇನ್ನೊಂದು ತಮಾಷೆ ಇತ್ತು. ಕ್ಯೂರಿಂಗ್ ವರ್ಕ್ಸಿನಲ್ಲಿ ಒಳ್ಳೆಯ ಕಾಳನ್ನೆಲ್ಲ ದರ್ಜೆ ಮಾಡಿ ತೆಗೆದ ಮೇಲೆ ಕೊನೆಗೆ ಕಪ್ಪಾದದ್ದು, ಕಂದಿದ್ದು, ಒಡೆದದ್ದು ಉಳಿಯುತ್ತದಲ್ಲ, ಅದಕ್ಕೆ ಬಿಬಿಬಿ ಅನ್ನುತ್ತಾರೆ. ಯಾರಾದರೂ ಬೆಳೆಗಾರರು ಮಕ್ಕಳು ಚೆನ್ನಾಗಿ ಓದ್ತಾವಾ ಎಂದು ಕೇಳಿದರೆ, ಮಗಳು ಎ ಗ್ರೇಡು, ಮಗ ನೋಡಿ ಬಿಬಿಬಿ ಎಂದು ಅಪ್ಪ ಹೇಳುತ್ತಿದ್ದರು. ಎಲ್ಲರೂ ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ತಮ್ಮನೂ ನಗುತ್ತಿದ್ದ. ನನ್ನ ಎ ಗ್ರೇಡಿನ ಕತೆಯೂ ಹೇಳಿಬಿಡುತ್ತೇನೆ. ಅವನು ಪಕ್ಕದಲ್ಲಿದ್ದಾಗ ಮಾತ್ರ ನಾನು ಎ ಗ್ರೇಡು. ಒಬ್ಬಳೇ ಇದ್ದಾಗ ನನ್ನ ಅಂಕಪಟ್ಟಿಗೂ ಅದೇ ಮುಖ. ಆದರೆ ನಾನು ಜಗಳಗಂಟಿ, ಎದುರು ಮಾತಾಡಿ, ಅತ್ತು ರಂಪ ಮಾಡಿ, ಊಟ ಬಿಟ್ಟು ಎದ್ದು ಹೋಗುತ್ತಿದ್ದೆ. ಅವನು ನಗುತ್ತಿದ್ದ.

ಅಮ್ಮನಿಗೆ ಹೇಳಲು ಬರುತ್ತಿದ್ದದ್ದು ಒಂದೇ ಸಮಾಧಾನ. ಅಪ್ಪನಿಗೆ ಒಳಗೊಳಗೇ ಪ್ರೀತಿ ಇದೆ, ತೋರಿಸಲ್ಲ ಅಷ್ಟೇ ಅನ್ನುತ್ತಿದ್ದಳು. ಒಳಗಿಟ್ಟು ಏನು ಉಪ್ಪಿನಕಾಯಿ ಹಾಕುತ್ತಾರಾ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅವಳು ಮೂರು ದಿನ ಮುಖ ಗಂಟು ಹಾಕಿಕೊಂಡಿದ್ದಳು. ಆಮೇಲೆ ಅವಳಿಗೂ ಬೇರೆ ಕೆಲಸ ಬಿತ್ತು. ಅಜ್ಜಿ, ಅಂದರೆ ಅಪ್ಪನ ತಾಯಿ, ಲಕ್ವ ಹೊಡೆದು ಹಾಸಿಗೆ ಹಿಡಿದರು. ನಾನು ಆಗ ಮೂಡಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದೆ. ರಜೆಯಲ್ಲಿ ಬಂದಾಗ ನೋಡಿದೆ, ಅಜ್ಜಿಯ ಬಟ್ಟೆಯನ್ನು ತಮ್ಮ ಒಗೆಯುತ್ತಿದ್ದ. ಹಾಸಿಗೆಯಲ್ಲೇ ಎಲ್ಲ ಆಗುವ ಮುದುಕಿಯ ಬಟ್ಟೆ. ಏಳನೇ ಕ್ಲಾಸಿನ ಹುಡುಗ ಶಾಲೆಗೆ ಹೋಗುವ ಮುಂಚೆ ಅದನ್ನು ಒಗೆದು ಹರಡಿ ಹೋಗುತ್ತಿದ್ದ. ಯಾರೂ ಹೇಳಿದ್ದಲ್ಲವಂತೆ. ಅಪ್ಪ ಒಂದು ದಿನ ಹಿತ್ತಲಿಗೆ ಬಂದು, ಹಗ್ಗದ ಮೇಲಿದ್ದ ಬಟ್ಟೆ ಮುಟ್ಟಿ ನೋಡಿ, ಹಿಂಡಿಯೇ ಇಲ್ಲ, ನೀರು ಸೋರ್ತಿದೆ ಎಂದು ಹೇಳಿ ಹೋದರು. ಅವನು ಎಲ್ಲ ಬಟ್ಟೆಯನ್ನೂ ತೆಗೆದು ಮತ್ತೆ ಹಿಂಡಿ ಹಾಕಿದ. ಅವತ್ತು ನಗಲಿಲ್ಲ ಎಂದು ನನಗೆ ನೆನಪು.

ಅಜ್ಜಿ ತೀರಿಕೊಂಡ ಮೇಲಿನ ವರ್ಷದಿಂದ ಅವನ ಕೈ ಮುಂದಾಯಿತು. ಮೊದಲು ವಸ್ತುಗಳ ಮೇಲೆ. ಕುರ್ಚಿಯ ಕೈ ಮುರಿದ, ನನ್ನ ಹಳೆಯ ಫೋನನ್ನು ಗೋಡೆಗೆ ಎಸೆದ. ಆಮೇಲೆ ಹುಡುಗರ ಮೇಲೆ. ಬಸ್ಸಿನಲ್ಲಿ ಒಬ್ಬನ ಕಾಲರು ಹಿಡಿದು ಕಿಟಕಿಯ ಕಂಬಿಗೆ ತಲೆ ಬಡಿಸಿದ. ಆಟದ ಬಯಲಿನಲ್ಲಿ ಇನ್ನೊಬ್ಬನ ಬೆರಳು ತಿರುಚಿದ. ಬೈದವರಿಗೆ ಅವನು ಹೊಡೆಯುತ್ತಿರಲಿಲ್ಲ, ಅದೇ ವಿಚಿತ್ರ. ಮೇಷ್ಟ್ರು ಬೈದರೆ, ಹುಡುಗರು ಬಾಯಿಗೆ ಬಂದದ್ದು ಅಂದರೆ, ಕಲ್ಲಿನ ಹಾಗೆ ನಿಂತಿರುತ್ತಿದ್ದ. ಹೊಡೆತ ಬೀಳುತ್ತಿದ್ದದ್ದು ಏನೂ ಅನ್ನದವರಿಗೆ. ಬರೀ ನೋಡಿದ್ದು ಕಣ್ರೀ, ಏನೂ ಹೇಳ್ಲಿಲ್ಲ ಎಂದು ಏಟು ತಿಂದ ಹುಡುಗರೆಲ್ಲ ಒಂದೇ ಮಾತು ಹೇಳುತ್ತಿದ್ದರು. ಹುಡುಗನಿಗೆ ತಲೆ ಸರಿ ಇಲ್ಲ ಎಂದು ಊರು ತೀರ್ಮಾನ ಮಾಡಿತು. ನನಗೆ ಒಂದು ಸಲ ಅವನೇ ಪಾಠ ಮಾಡಿದ. ಹೊಸ ಅಂಗಿ ಹಾಕಿಕೊಂಡು ಬಂದು ನಿಂತಿದ್ದ. ನಾನು ಬೇರೇನೋ ಯೋಚನೆಯಲ್ಲಿ ಅಂಗಿಯನ್ನೇ ನೋಡುತ್ತಿದ್ದೆ, ಮಾತಾಡಲಿಲ್ಲ. ಅವನ ಕೈಯಲ್ಲಿದ್ದ ಲೋಟ ನನ್ನ ಕಿವಿಯ ಪಕ್ಕದಲ್ಲೇ ಹಾರಿ ಹೋಯಿತು. ಆಗ ನನಗೆ ಎಲ್ಲ ಒಟ್ಟಿಗೇ ಅರ್ಥವಾಯಿತು. ಯಾರಾದರೂ ಸುಮ್ಮನೆ ನೋಡಿದರೆ ಮುಂದಿನದು ಏನು ಎಂದು ಅವನಿಗೆ ಗೊತ್ತಿತ್ತು, ಅದು ಬರುವ ಮುಂಚೆಯೇ ಅವನು ಹೊಡೆಯುತ್ತಿದ್ದ.

ಇದನ್ನು ಅಪ್ಪನಿಗೆ ಹೇಳಿದೆ. ಸುತ್ತಿ ಬಳಸಿ ಅಲ್ಲ, ನೇರವಾಗಿಯೇ ಹೇಳಿದೆ. ನಿಮ್ಮ ಮಾಲು ನೋಡುವ ಮುಖವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ, ಅವನು ಮಾಡಿದ್ದರಲ್ಲಿ ಒಂದನ್ನಾದರೂ ಚೆನ್ನಾಗಿದೆ ಅನ್ನಿ ಅಂದೆ. ಅಪ್ಪ ಕೋಪ ಮಾಡಿಕೊಳ್ಳಲಿಲ್ಲ. ಹೊಗಳಿದ್ರೆ ಮಕ್ಕಳು ತಲೆ ಮೇಲೆ ಕೂರ್ತಾವೆ, ನಮ್ಮಪ್ಪ ನನ್ನನ್ನ ಯಾವತ್ತು ಹೊಗಳಿದಾರೆ, ನಾನು ಹಾಳಾಗಿದೀನಾ ಎಂದು ಕೇಳಿದರು. ನಾನು ಅವನ ಮೇಲೆ ಕೈ ಮಾಡಿದೀನಾ ಎಂದೂ ಕೇಳಿದರು. ಅದಕ್ಕೆ ಇಲ್ಲ ಎಂದೇ ಹೇಳಬೇಕಾಯಿತು.

ಹತ್ತನೇ ಕ್ಲಾಸಿನ ಡಿಸೆಂಬರಿನಲ್ಲಿ ದೊಡ್ಡದೇ ಆಯಿತು. ನನ್ನ ತಮ್ಮ ವಿಜ್ಞಾನದ ರೆಕಾರ್ಡಿನಲ್ಲಿ ಕಣ್ಣಿನ ಚಿತ್ರ ಬರೆದಿದ್ದ. ಅವನ ಕೈ ಬಹಳ ಚೆನ್ನಾಗಿತ್ತು, ಅಚ್ಚು ಹಾಕಿದ ಹಾಗೆ ಬರೆಯುತ್ತಿದ್ದ. ಪಕ್ಕದ ಬೆಂಚಿನ ಹುಡುಗ, ನಮ್ಮ ಊರಿನ ಜೀಪ್ ಗ್ಯಾರೇಜಿನವರ ಮಗ, ಆ ಪುಸ್ತಕ ಎಳೆದುಕೊಂಡು ನೋಡಿದ. ನೋಡುತ್ತಲೇ ಇದ್ದ. ನನ್ನ ತಮ್ಮ ಸ್ಟೀಲಿನ ನೀರಿನ ಬಾಟಲಿಯಿಂದ ಅವನ ಬಾಯಿಗೆ ಬೀಸಿದ. ತುಟಿ ಸೀಳಿ, ಮುಂದಿನ ಹಲ್ಲು ಅರ್ಧ ಮುರಿಯಿತು.

ಅದಕ್ಕೂ ಮೊದಲೇ ಶಾಲೆಯವರು ಎರಡು ಸಲ ಎಚ್ಚರಿಕೆ ಕೊಟ್ಟಿದ್ದರು. ಈ ಸಲ ಟಿಸಿ ಎಂದು ಎಲ್ಲರಿಗೂ ಗೊತ್ತಿತ್ತು. ವರ್ಷದ ಮಧ್ಯದಲ್ಲಿ, ಅದೂ ಹೊಡೆದಾಟದ ಹೆಸರು ಹೊತ್ತ ಹುಡುಗನನ್ನು, ಬೇರೆ ಯಾವ ಶಾಲೆಯವರು ಸೇರಿಸಿಕೊಳ್ಳುತ್ತಾರೆ? ಪರೀಕ್ಷೆಗೆ ಕೂರುವ ದಾರಿಯೇ ಮುಚ್ಚಿಹೋಗುತ್ತಿತ್ತು. ಹೆಡ್‌ಮಾಸ್ಟರು ಉತ್ತರ ಕರ್ನಾಟಕದ ಕಡೆಯವರು, ಆ ವರ್ಷವೇ ವರ್ಗವಾಗಿ ಬಂದಿದ್ದವರು. ಅಮ್ಮನಿಗೆ ಫೋನು ಮಾಡಿ, ಹುಡುಗನ ತಂದೆ ಬಂದು ಅವನ ಪರವಾಗಿ ಒಂದು ಮಾತು ಹೇಳಲಿ, ನಾನು ನೋಡಿಕೊಳ್ಳುತ್ತೇನೆ ಎಂದು ಭರವಸೆ ಕೊಡಲಿ, ಪರೀಕ್ಷೆ ಮುಗಿಯುವವರೆಗೂ ಇಟ್ಟುಕೊಳ್ಳುತ್ತೇನೆ ಅಂದಿದ್ದರಂತೆ. ಒಂದು ಮಾತು, ಅಷ್ಟೇ. ಅಮ್ಮ ನನಗೆ ಫೋನು ಮಾಡಿ ಅತ್ತಳು. ನಾನು ಕಾಲೇಜಿಗೆ ರಜೆ ಹಾಕಿ ಊರಿಗೆ ಬಂದು, ಅಪ್ಪನ ಜೊತೆ ನಾನೇ ಹೋದೆ. ದಾರಿಯುದ್ದಕ್ಕೂ ಅಪ್ಪನಿಗೆ ಹೇಳಿದೆ, ಅಲ್ಲಿ ಒಳ್ಳೆಯದು ಹೇಳಬೇಕು, ಬರೀ ಒಳ್ಳೆಯದು. ಅಪ್ಪ ತಲೆಯಾಡಿಸಿದರು. ಮನುಷ್ಯರ ಹತ್ರ ಮಾತಾಡೋದು ನಂಗೆ ಕಲಿಸ್ತೀಯಾ ಎಂದು ಸ್ವಲ್ಪ ನಕ್ಕರು ಕೂಡ.

ಕೋಣೆಯಲ್ಲಿ ಹೆಡ್‌ಮಾಸ್ಟರು, ಗ್ಯಾರೇಜಿನವರು, ಅವರ ಪಕ್ಕದಲ್ಲಿ ತುಟಿಗೆ ಹೊಲಿಗೆ ಹಾಕಿಸಿಕೊಂಡಿದ್ದ ಅವರ ಮಗ. ನನ್ನ ತಮ್ಮ ಗೋಡೆಗೆ ಒತ್ತಿ ನಿಂತಿದ್ದ. ಮೊದಲು ಹೆಡ್‌ಮಾಸ್ಟರು ಏಟು ತಿಂದ ಹುಡುಗನನ್ನು ಕೇಳಿದರು, ನೀನೇನು ಅಂದೆ? ಏನೂ ಅನ್ನಲಿಲ್ಲ ಸರ್ ಅಂದ. ಮಾತಾಡಲು ಅವನಿಗೆ ಕಷ್ಟವಾಗುತ್ತಿತ್ತು. ಚಿತ್ರ ಚೆನ್ನಾಗಿತ್ತು, ನನ್ನ ರೆಕಾರ್ಡಿಗೂ ಬರೆದುಕೊಡ್ತೀಯಾ ಎಂದು ಕೇಳಬೇಕೆಂದಿದ್ದೆ, ಹೇಗೆ ಕೇಳುವುದು ಎಂದು ಯೋಚನೆ ಮಾಡುತ್ತಿದ್ದೆ ಅಂದ. ನನ್ನ ತಮ್ಮ ತಲೆ ಎತ್ತಿ ಆ ಹುಡುಗನನ್ನು ನೋಡಿದ, ಮತ್ತೆ ನೆಲ ನೋಡಿದ. ಅವನ ಕಿವಿಗಳು ಕೆಂಪಾದವು.

ಗ್ಯಾರೇಜಿನವರು, ತಾವು ಪೊಲೀಸು ಗಿಲೀಸು ಎಂದು ಹೋಗುವುದಿಲ್ಲ, ಇಬ್ಬರೂ ಪರೀಕ್ಷೆ ಬರೆಯಲಿ ಅಂದರು. ಹೆಡ್‌ಮಾಸ್ಟರು ಅಪ್ಪನ ಕಡೆ ತಿರುಗಿದರು. ಈಗ ಒಂದು ಮಾತು ಬೇಕಾಗಿತ್ತು.

ನಮ್ಮ ಕಡೆ ಇನ್ನೊಂದು ಅಭ್ಯಾಸ ಇದೆ. ತಪ್ಪು ನಮ್ಮದಾದಾಗ ನಮ್ಮವರನ್ನು ನಾವೇ ಮೊದಲು ಹಳಿದುಬಿಡುತ್ತೇವೆ. ಎದುರಿನವರು ಅಯ್ಯೋ ಹಾಗೆಲ್ಲ ಅನ್ನಬೇಡಿ, ಹುಡುಗರು ಅಂದ ಮೇಲೆ ಇದ್ದದ್ದೇ ಎಂದು ತಡೆಯುತ್ತಾರೆ. ಅಲ್ಲಿಗೆ ರಾಜಿಯಾಗುತ್ತದೆ. ಅಪ್ಪನಿಗೆ ಇದೂ ಗೊತ್ತು, ದರ ಇಳಿಸುವುದೂ ಗೊತ್ತು. ಎರಡೂ ಸೇರಿ ಬಾಯಿಗೆ ಬಂತು.

"ಏನು ಹೇಳೋದು ಸಾರ್," ಅಂದರು ಅಪ್ಪ, ಮುಖ ಇಳಿಬಿಟ್ಟು. "ಇವನು ಮೊದಲಿಂದಲೂ ಹಿಂಗೇ. ದಂಡ. ಎಂತಕ್ಕೂ ಬರಲ್ಲ. ಓದೋದೂ ಇಲ್ಲ, ಓದಿದ್ರೂ ಏನೂ ಕಡಿದು ಗುಡ್ಡೆ ಹಾಕಲ್ಲ. ನಾನಂತೂ ಕೈ ಬಿಟ್ಟಿದೀನಿ. ನೀವು ಏನು ಬೇಕಾದ್ರೂ ಮಾಡಿ."

ಹೇಳಿ ಅಪ್ಪ ಕಾದರು. ಅಯ್ಯೋ ಹಾಗೆಲ್ಲ ಅನ್ನಬೇಡಿ ಎಂದು ಯಾರಾದರೂ ಅನ್ನಬೇಕಿತ್ತು. ಗ್ಯಾರೇಜಿನವರು ಬಾಯಿ ತೆರೆದರು, ಆದರೆ ಅಷ್ಟರಲ್ಲಿ ಹೆಡ್‌ಮಾಸ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟಿದ್ದರು. ಅವರಿಗೆ ನಮ್ಮ ಕಡೆಯ ಈ ನಯ ನಾಜೂಕೆಲ್ಲ ಗೊತ್ತಿರಲಿಲ್ಲ. ಮನುಷ್ಯ ಏನು ಹೇಳುತ್ತಾನೋ ಅದನ್ನೇ ಹೇಳುತ್ತಿದ್ದಾನೆ ಎಂದು ತಿಳಿಯುವವರು.

"ಹಡದ ತಂದೀನ ಹಿಂಗಂದ ಮ್ಯಾಲೆ ನಾನೇನ್ ಮಾಡ್ಲಿ ಹೇಳ್ರಿ," ಅಂದರು. "ಟಿಸಿ ತಗೊಂಡು ಹೋಗ್ರಿ."

ಅಪ್ಪನ ಮುಖ ನೋಡಬೇಕಿತ್ತು. ಜೀವಮಾನದಲ್ಲಿ ಮೊದಲ ಸಲ ಅವರು ದರ ಇಳಿಸಿದ್ದಕ್ಕೆ ಎದುರಿನವರು ಹೂಂ ಅಂದಿದ್ದರು. ಆಮೇಲೆ ಬಾಯಿ ಬಿಟ್ಟವನು ನನ್ನ ತಮ್ಮ. ಅಪ್ಪ ಹೇಳಿದ್ದು ಸರಿ ಸರ್, ಕೊಟ್ಟುಬಿಡಿ ಅಂದ. ಸಿಟ್ಟಿಲ್ಲ, ಅಳುವಿಲ್ಲ. ಹಾಜರಿ ಕರೆದಾಗ ಹೇಳುವ ದನಿ. ಇಷ್ಟು ವರ್ಷ ಅವನು ಮುರಿದದ್ದು, ಹೊಡೆದದ್ದು ಎಲ್ಲ ನೋಡಿದ್ದೆ, ಆದರೆ ಆ ದನಿಗೆ ಹೆದರಿದಷ್ಟು ಯಾವುದಕ್ಕೂ ಹೆದರಿರಲಿಲ್ಲ.

ಆಗ ಅಪ್ಪ ಎದ್ದು ನಿಂತರು. ಕೈ ಮುಗಿದರು. ನಾನು ಹಾಗೆ ಮಾತಿಗೆ ಅಂದದ್ದು ಸಾರ್, ಹುಡುಗ ಒಳ್ಳೆಯವನು ಅಂದರು. ಹೆಡ್‌ಮಾಸ್ಟರು ಅವರನ್ನೇ ನೋಡುತ್ತಿದ್ದರು. ಅಪ್ಪ ತಡವರಿಸುತ್ತ ಹೇಳುತ್ತಲೇ ಹೋದರು. ಅಂಗಡಿ ಹಿಂದಿನ ನಮ್ಮ ಕಣದಲ್ಲಿ ಇವನ ಹಾಗೆ ಒಣಗಲು ಹಾಕಿದ ಕಾಫಿ ಮಗುಚುವವರು ಯಾರೂ ಇಲ್ಲ, ಕಾಳು ಕಚ್ಚಿ ಒಣಗಿದ್ದನ್ನು ನನಗಿಂತ ಚೆನ್ನಾಗಿ ಹೇಳುತ್ತಾನೆ ಅಂದರು. ಚಿಕ್ಕವನಿದ್ದಾಗ ನನ್ನ ಬೈಕು ಒರೆಸಿಡುತ್ತಿದ್ದ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು ಅಂದರು. ದನಿ ಒಡೆಯಿತು.

"ನಮ್ಮಮ್ಮ ಹಾಸಿಗೆ ಹಿಡಿದಾಗ ಇವನೇ ಸಾರ್, ಅವ್ರ ಬಟ್ಟೆ ಒಗೀತಿದ್ದ. ಹೆತ್ತ ಮಗ ನಾನು, ನನ್ನ ಕೈಲಿ ಆಗ್ತಿರ್ಲಿಲ್ಲ. ಇಂಥ ಹುಡುಗ ಊರಲ್ಲಿ ಇನ್ನೊಬ್ಬ ಇಲ್ಲ."

ಹೆಡ್‌ಮಾಸ್ಟರು ಕನ್ನಡಕಕ್ಕೆ ಕೈ ಹಾಕಿದರು. ಮನಸ್ಸು ಕರಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಇನ್ನೊಂದು ನಿಮಿಷ ಸಿಕ್ಕಿದ್ದರೆ ಸಾಕಿತ್ತು. ಅಷ್ಟರಲ್ಲಿ ನನ್ನ ತಮ್ಮ ಗೋಡೆ ಬಿಟ್ಟು ಬಂದ. ಬಂದದ್ದೇ ಅಪ್ಪನ ಕೆನ್ನೆಗೆ ಹೊಡೆದ. ತೆರೆದ ಅಂಗೈಯಿಂದ ಒಂದೇ ಏಟು. ಅಪ್ಪ ಕುರ್ಚಿಯ ಮೇಲೆ ಕುಸಿದರು. ಗ್ಯಾರೇಜಿನವರು ತಮ್ಮನನ್ನು ತಬ್ಬಿ ಹಿಡಿದುಕೊಂಡರು, ಅವನು ಬಿಡಿಸಿಕೊಳ್ಳಲು ನೋಡಲೂ ಇಲ್ಲ. ತುಟಿ ಹೊಲಿಸಿಕೊಂಡಿದ್ದ ಹುಡುಗ ಅಳತೊಡಗಿದ.

ಟಿಸಿ ಅವತ್ತೇ ಕೊಟ್ಟರು. ತಂದೆಗೆ ಹೊಡೆದ ಹುಡುಗ ಎಂಬ ಹೆಸರು ಕಳಸದಿಂದ ಬಾಳೂರು ದಾಟಿ ಮೂಡಿಗೆರೆಯವರೆಗೂ ಅವನಿಗಿಂತ ಮೊದಲೇ ಹೋಯಿತು. ಆ ವರ್ಷ ಪರೀಕ್ಷೆ ಬರೆಯಲಾಗಲಿಲ್ಲ. ಮೂಡಿಗೆರೆಯಲ್ಲಿ ಸೋದರಮಾವನ ಮನೆಯಲ್ಲಿದ್ದು, ಮುಂದಿನ ವರ್ಷ ಹೊರಗಿನಿಂದ ಕಟ್ಟಿ ಪಾಸಾದ. ಮುಂದೆ ಓದಲಿಲ್ಲ. ಕೈ ಎತ್ತುವುದು ಅಲ್ಲಿಗೆ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೂ ಕೆಲವು ವರ್ಷ ಅಲ್ಲಲ್ಲಿ ಜಗಳ ಮಾಡಿಕೊಂಡ, ಒಂದು ಸಲ ಠಾಣೆಗೂ ಹೋಗಿ ಬಂದ. ಆಮೇಲೆ ಮೆಲ್ಲಗೆ ಕಮ್ಮಿಯಾಯಿತು. ಈಗ ಸ್ವಂತ ಜೀಪು ಇಟ್ಟುಕೊಂಡು ಪ್ರವಾಸಿಗರನ್ನು ಗುಡ್ಡಕ್ಕೆ ಹತ್ತಿಸುತ್ತಾನೆ, ಕಳಸದಲ್ಲೇ ಬೇರೆ ಮನೆ ಮಾಡಿದ್ದಾನೆ. ಅಪ್ಪನಿಗೂ ಅವನಿಗೂ ನೇರ ಮಾತಿಲ್ಲ. ಅಮ್ಮನ ಮೂಲಕ ಹೋಗಿ ಬರುತ್ತದೆ.

ಅವನು ಯಾಕೆ ಆ ಗಳಿಗೆಯಲ್ಲೇ ಹೊಡೆದ ಎಂದು ನಾನು ನನಗೇ ಒಂದು ಉತ್ತರ ಕಟ್ಟಿಕೊಂಡಿದ್ದೆ. ಅಪ್ಪ ಮಾಲನ್ನು ಹೊಗಳುತ್ತಿದ್ದದ್ದು ಕ್ಯೂರಿಂಗ್ ವರ್ಕ್ಸಿಗೆ ಮಾರುವಾಗ ಮಾತ್ರ. ತನ್ನನ್ನೂ ಹಾಗೇ ಹೊಗಳಿ ಮಾರುತ್ತಿದ್ದಾರೆ ಎಂದು ತಿಳಿದು ರೇಗಿಹೋದ ಎಂದುಕೊಂಡಿದ್ದೆ. ಬಹಳ ವರ್ಷ ಹಾಗೇ ನಂಬಿದ್ದೆ.

ತರಬೇತಿ ಮುಗಿದ ಆ ವಾರ ಊರಿಗೆ ಹೋದಾಗ ಅಪ್ಪನ ಹತ್ತಿರ ಕೇಳಿಯೇಬಿಟ್ಟೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವತ್ತು ಹೆಡ್‌ಮಾಸ್ಟರ ಮುಂದೆ ಹೇಳಿದ್ದು ವ್ಯಾಪಾರದ ಮಾತೋ, ನಿಜವೋ? ಅಪ್ಪ ತಕ್ಕಡಿಯ ಮೇಲಿನ ದೂಳು ಒರೆಸುತ್ತಿದ್ದವರು ಕೈ ನಿಲ್ಲಿಸಿದರು. ನಿಜವೇ ಅಂದರು. ಅವನು ಎಂಥವನು ಎಂದು ನನಗೆ ಮೊದಲಿನಿಂದಲೂ ಗೊತ್ತು ಅಂದರು. ಮತ್ತೆ ಯಾಕೆ ಹೇಳಲಿಲ್ಲ, ಆಮೇಲಾದರೂ ಇನ್ನೊಂದು ಸಲ ಯಾಕೆ ಹೇಳಲಿಲ್ಲ ಎಂದು ನಾನು ದನಿ ಎತ್ತಿದೆ.

"ಹೇಳಿದ್ರೆ ಮಕ್ಕಳು ಕೆಡ್ತಾವೆ ಅಂತ ನಾನು ಸುಮ್ನೆ ಹೇಳ್ತಿದ್ನಾ?" ಅಂದರು ಅಪ್ಪ. "ಒಂದೇ ಒಂದು ದಿನ ಹೇಳ್ದೆ. ಎಂತ ಆಯ್ತು ಅಂತ ನೀನೇ ನೋಡಿದ್ಯಲ್ಲ."

ಸಿಟ್ಟು ನೆತ್ತಿಗೇರಿತು. ಆದರೆ ತಮ್ಮ ಹೊಡೆದಿದ್ದ ಅಪ್ಪನ ಆ ಕೆನ್ನೆ ಈಗ ಒಳಗೆ ಸರಿದು ಚರ್ಮ ಜೋತಿದೆ. ಎದ್ದು ಬಂದೆ.

ಮಾರನೆಯ ದಿನ ತಮ್ಮ ನನ್ನನ್ನು ಬಸ್ಸಿಗೆ ಬಿಡಲು ಬಾಳೂರಿನವರೆಗೆ ಜೀಪಿನಲ್ಲಿ ಬಂದ. ಬೆಳಗಿನ ಬಿಸಿಲು, ರಸ್ತೆ ಖಾಲಿ. ಅಪ್ಪ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ಅವತ್ತಿನ ಮಾತು ವ್ಯಾಪಾರದ್ದಾಗಿರಲಿಲ್ಲವಂತೆ, ಮನಸ್ಸಿನಿಂದಲೇ ಹೇಳಿದ್ದಂತೆ, ನೀನು ತಪ್ಪು ತಿಳಿದುಕೊಂಡೆ ಅಂದೆ. ಇದನ್ನು ಕೇಳಿದರೆ ಅವನ ಎದೆಯ ಭಾರ ಸ್ವಲ್ಪ ಇಳಿಯಬಹುದು ಎಂದು ನನಗೆ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಅವನು ತಿರುವಿನಲ್ಲಿ ಹಾರ್ನು ಹೊಡೆದು, ಎದುರಿನಿಂದ ಬಂದ ಪಿಕಪ್ಪಿಗೆ ದಾರಿ ಬಿಟ್ಟು, ಗೇರು ಬದಲಿಸಿದ.

"ನಿಜ ಅಂತ ಅವತ್ತೇ ಗೊತ್ತಾಯ್ತು," ಅಂದ. "ಬಟ್ಟೆ ಒಗೆದಿದ್ದು, ಬೈಕು ಒರೆಸಿದ್ದು, ಎಲ್ಲ ನೋಡಿದಾರೆ. ಅಷ್ಟು ವರ್ಷನೂ ನೋಡಿದಾರೆ, ಹೇಳ್ಲಿಲ್ಲ ಅಷ್ಟೇ. ಅವ್ರು ಸುಳ್ಳು ಹೇಳಿದ್ರೆ ನಾನು ಹೊಡೀತಿರ್ಲಿಲ್ಲ ಅಕ್ಕ."